ಕಪ್ಲರ್ ಸೋಲಬೇಕು, ಮೋಟಾರ್ ಉಳಿಯಬೇಕು

ಶಿವಮೊಗ್ಗದ ಓದುಗರೊಬ್ಬರ ಪತ್ರ: “ಅಮ್ಮ 1986ರಲ್ಲಿ ಕೊಂಡ ಮಿಕ್ಸಿ. ಮೋಟಾರ್ ಇನ್ನೂ ಗಟ್ಟಿಯಾಗಿದೆ, ಮೋಟಾರಿನ ಮೇಲೆ ಜಾರನ್ನು ಹಿಡಿದು ತಿರುಗಿಸುವ ಹಲ್ಲಿನ ತುಂಡು, ಕಪ್ಲರ್, ಮಾತ್ರ ಹಲ್ಲು ಸವೆದು ಜಾರುತ್ತಿದೆ. ಈ ಮಾಡೆಲ್‌ನ ಪಾರ್ಟ್ ಎಲ್ಲೂ ಸಿಗುತ್ತಿಲ್ಲ. ಲೇತ್ ಅಂಗಡಿಯವರು ಹಿತ್ತಾಳೆಯಲ್ಲಿ ಮಾಡಿಕೊಡುತ್ತಾರಂತೆ. ಮಗ ತ್ರೀಡಿ ಪ್ರಿಂಟ್ ಮಾಡಿಸೋಣ ಅನ್ನುತ್ತಾನೆ. ಯಾವುದು ಸರಿ?”

ಹಿತ್ತಾಳೆ ಬೇಡ, ದಯವಿಟ್ಟು ಬೇಡ. ಲೇತ್‌ನವರ ಕೈಕೆಲಸದ ಮೇಲೆ ನನಗೆ ಅನುಮಾನವಿಲ್ಲ. ಆದರೆ ಕಪ್ಲರನ್ನು ರಬ್ಬರು, ಪ್ಲಾಸ್ಟಿಕ್‌ನಲ್ಲಿ ಮಾಡುವುದು ಬರೀ ಕಾಸು ಉಳಿಸಲಿಕ್ಕಲ್ಲ. ಅರಿಶಿನದ ಕೊಂಬು ಬ್ಲೇಡಿಗೆ ಸಿಕ್ಕಿಕೊಂಡಾಗ ಎಲ್ಲೋ ಒಂದು ಕಡೆ ಮುರಿಯಲೇಬೇಕು; ಮುರಿಯುವುದು ಅಗ್ಗದ ಭಾಗವಾಗಲಿ ಎಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ನಮ್ಮ ಮನೆಯ ಮಿಕ್ಸಿಗೆ ನಾನೂ ಒಮ್ಮೆ ಹಿತ್ತಾಳೆಯದೇ ಮಾಡಿಸಿದ್ದೆ. ಯುಗಾದಿಯ ದಿನ ಒಬ್ಬಟ್ಟಿನ ಹೂರಣ ರುಬ್ಬುವಾಗ ಬ್ಲೇಡು ಕಚ್ಚಿಕೊಂಡು ನಿಂತಿತು. ಕಪ್ಲರಿಗೆ ಏನೂ ಆಗಲಿಲ್ಲ, ಮೋಟಾರಿನೊಳಗಿನ ತಾಮ್ರದ ತಂತಿಯ ಸುತ್ತು, ಅಂದರೆ ವೈಂಡಿಂಗ್, ಸುಟ್ಟುಹೋಯಿತು. ಆ ವಾಸನೆ ಸಂಜೆಯವರೆಗೂ ಅಡುಗೆಮನೆಯಲ್ಲಿತ್ತು. ಸಂಕಟ ಇವತ್ತಿಗೂ ಇದೆ.

ಮಗ ಹೇಳುವ ದಾರಿ ಒಳ್ಳೆಯದು, ಆದರೆ ಯಾವ ಪ್ಲಾಸ್ಟಿಕ್ ಎಂದು ಕೇಳಿ. ಪ್ರಿಂಟ್ ಮಾಡುವವರು ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ. ಬಿಸಿಯಾದ ಮೋಟಾರಿನ ಮೇಲೆ ಅದು ಬಾಳುವುದಿಲ್ಲ. ರಬ್ಬರಿನಂತೆ ಬಾಗುವ ಟಿಪಿಯು ಕೇಳಿ, ಅದರಲ್ಲೂ ಗಟ್ಟಿ ಬಗೆಯದು. ಹಳೆಯ ಕಪ್ಲರಿನ ನಡುವಿನ ಲೋಹದ ನಟ್ ಚೆನ್ನಾಗಿದ್ದರೆ ಅದನ್ನೇ ಹೊಸದರಲ್ಲಿ ಕೂರಿಸಬಹುದು. ನಟ್ ನಟ್ಟನಡುವೆಯೇ ಕೂರಬೇಕು: ಮಿಕ್ಸಿ ಮೋಟಾರ್ ನಿಮಿಷಕ್ಕೆ 18,000 ಸುತ್ತಿನವರೆಗೂ ತಿರುಗುತ್ತದೆ, ಕೂದಲೆಳೆಯಷ್ಟು ಓರೆಯಾದರೂ ನಡುಗಿ ದಂಡವನ್ನು ಹಿಡಿದಿರುವ ಬಳೆಯನ್ನು (ಬುಷ್) ತಿಂದುಹಾಕುತ್ತದೆ. ಸವೆದ ಹಲ್ಲಿನ ಅಳತೆ ನಂಬಬೇಡಿ. ಜಾರಿನ ಅಡಿಯಲ್ಲಿರುವ ಜೋಡಿ ತುಂಡನ್ನು ವರ್ನಿಯರ್ ಎಂಬ ಸೂಕ್ಷ್ಮ ಅಳತೆ ಸಾಧನದಲ್ಲಿ ಅಳೆಯಿರಿ. ಮತ್ತೊಂದು ಮಾತು, ಜಾರಿನ ಒಳಗಿನ ಯಾವ ಭಾಗವನ್ನೂ ಪ್ರಿಂಟ್ ಮಾಡಿಸಬೇಡಿ. ಪ್ರಿಂಟ್ ಪದರ ಪದರವಾಗಿ ಕಟ್ಟಿದ್ದು, ಆ ಪದರಗಳ ಸಂದಿಯಲ್ಲಿ ಕೂತ ಹಿಟ್ಟು ಎಷ್ಟು ತೊಳೆದರೂ ಹೋಗುವುದಿಲ್ಲ.

ಇಷ್ಟಕ್ಕೆಲ್ಲ ಮೊದಲು ಹಳೆಯ ತುಂಡನ್ನು ಹಿಡಿದು ನಿಮ್ಮೂರಿನ ಎರಡು ಮೂರು ಮಿಕ್ಸಿ ರಿಪೇರಿ ಅಂಗಡಿಗೆ ಹೋಗಿ ಬನ್ನಿ. ಬೇರೆ ಕಂಪನಿಯ ಕಪ್ಲರ್ ಎಷ್ಟೋ ಸಲ ಸರಿಯಾಗಿ ಕೂರುತ್ತದೆ.

ಪಾರ್ಟ್ ಸಿಗದಿರುವ ಬಗ್ಗೆ ನಿಮಗಿರುವ ಬೇಸರ ನನಗೂ ಇದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿತು, ಪೋರ್ಟಲ್ಲನ್ನೂ ತೆರೆಯಿತು. ಅದರ ವ್ಯಾಪ್ತಿಯಲ್ಲಿ ಗೃಹೋಪಯೋಗಿ ವಸ್ತುಗಳೂ ಇವೆ. ಸುಮಾರು ನಲವತ್ತು ವರ್ಷ ಹಳೆಯ ಪಾರ್ಟನ್ನು ಯಾರೂ ದಾಸ್ತಾನು ಇಡಲಾರರು, ಒಪ್ಪುತ್ತೇನೆ. ಆದರೆ ಅದರ ನಕ್ಷೆಯನ್ನಾದರೂ ಎಲ್ಲರಿಗೂ ಬಿಟ್ಟುಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಪ್ಲರ್ ಬಿಚ್ಚುವಾಗ ಪ್ಲಗ್ ತೆಗೆದಿರಿ. ಮೋಟಾರ್ ತಿರುಗುವ ದಿಕ್ಕಿಗೇ ತಿರುಗಿಸಿ; ಎದುರು ದಿಕ್ಕಿಗೆ ಬಲ ಹಾಕಿದಷ್ಟೂ ಅದು ಬಿಗಿಯುತ್ತದೆ.