ತಿಂಗಳ ಫೀಸಿಗೆ ನ್ಯಾಚೋ, ಆಟೋಪೇನೋ?
ಟ್ಯೂಷನ್ನಿನ 60 ಮಕ್ಕಳ ಫೀಸು, ತಲಾ 1,500, ತಿಂಗಳಾ ತಿಂಗಳಾ ತಾನಾಗೇ ಜಮಾ ಆಗೋಕೆ ನ್ಯಾಚ್ (ಬ್ಯಾಂಕ್ ಖಾತೆಯಿಂದಲೇ ನೇರ ಕಡಿತ) ಒಳ್ಳೇದೋ, ಆಟೋಪೇ (ಯುಪಿಐ ಆ್ಯಪ್ ಮೂಲಕ ತಾನಾಗೇ ಕಡಿತ) ಒಳ್ಳೇದೋ ಅಂತ ಕೇಳಿದ್ರಿ ಸರ್. ನಿಮಗೆ ಯುಪಿಐ ಆಟೋಪೇ ಸಾಕು. ಪೋಷಕರು ಮೊದಲ ಸಲ ಪಿನ್ ಹಾಕಿ ಒಪ್ಪಿದರಾಯ್ತು, ಆಮೇಲೆ 15,000ದವರೆಗೆ ಪ್ರತಿ ಸಲ ಪಿನ್ ಹಾಕೋ ರಗಳೆ ಇಲ್ಲ. ಕಡಿತಕ್ಕೆ 24 ಗಂಟೆ ಮುಂಚೆ ಅವರಿಗೆ ಮೆಸೇಜೂ ಹೋಗುತ್ತೆ. ನ್ಯಾಚ್ ಬೌನ್ಸ್ ಆದ್ರೆ ಸಾಮಾನ್ಯವಾಗಿ ಪೋಷಕರ ಬ್ಯಾಂಕು ದಂಡ ಹಾಕುತ್ತೆ, ಬೈಸಿಕೊಳ್ಳೋದು ನೀವು!

ತಾರೀಖು ಮಾತ್ರ ನೋಡಿ ಇಡಿ. ನಮ್ಮ ಡ್ಯಾನ್ಸ್ ಕ್ಲಾಸಿಗೆ 1ನೇ ತಾರೀಖು ಇಟ್ಟಿದ್ದೆ. ಸಂಬಳ ಬೀಳೋ ಮುಂಚೆಯೇ ಕಡಿತಕ್ಕೆ ಹೋಗಿ, 11 ಜನರದ್ದು ಬ್ಯಾಲೆನ್ಸ್ ಇಲ್ಲ ಅಂತ ವಾಪಸ್ ಬಂತು. ಈಗ 7. ಮತ್ತೆ, ಮಗುವಿಗೊಂದು ನಂಬರ್ ಕೊಟ್ಟು ಮ್ಯಾಂಡೇಟಿನಲ್ಲಿ (ಕಡಿತಕ್ಕೆ ಪೋಷಕರು ಕೊಡೋ ಒಪ್ಪಿಗೆ) ಹಾಕಿಸಿ, ಇಲ್ಲಾಂದ್ರೆ ಯಾರದು ಬಂತು ಅಂತ ಹುಡುಕೋದ್ರಲ್ಲೇ ಭಾನುವಾರ ಮುಗಿಯುತ್ತೆ.