ಓದುಗರ ಪ್ರಶ್ನೆ: ಲಿಮೋಜ್‌ಗೆ ಮಂಗಳವಾರ ಹೋಗಬೇಡಿ

ಪ್ರಶ್ನೆ: ಪ್ಯಾರಿಸ್‌ನಲ್ಲಿ ಐದು ದಿನ ಇರುತ್ತೇವೆ. ಪಿಂಗಾಣಿಗೆ ಹೆಸರಾದ ಲಿಮೋಜ್‌ಗೆ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರಬಹುದೇ? ಯಾವುದನ್ನು ಮೊದಲು ನೋಡಬೇಕು?

ಬರಬಹುದು, ಆದರೆ ಒಂದು ರಾತ್ರಿ ಉಳಿಯುವುದೇ ಮೇಲು. ಲಿಮೋಜ್ ದಾರಿಯಲ್ಲಿ ಟಿಜಿವಿ ಎಂಬ ಅತಿವೇಗದ ರೈಲು ಓಡುವುದಿಲ್ಲ. ಓಡುವುದು ಇಂಟರ್‌ಸಿಟೆ ರೈಲು, ಒಂದು ಕಡೆಗೆ ಮೂರು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅದು ಹೊರಡುವುದು ಪ್ಯಾರಿಸ್‌ನ ಔಸ್ಟರ್ಲಿಟ್ಜ್ ನಿಲ್ದಾಣದಿಂದ. ನೈಋತ್ಯಕ್ಕೆ ಹೋಗುವ ರೈಲೆಲ್ಲ ಮೊಂಪಾರ್ನಾಸ್‌ನಿಂದಲೇ ಎಂದುಕೊಂಡು ಅಲ್ಲಿಗೆ ಹೋದವರಿಗೆ ರೈಲು ತಪ್ಪುತ್ತದೆ. ಇಳಿಯಬೇಕಾದದ್ದು ಲಿಮೋಜ್-ಬೆನೆಡಿಕ್ಟಾಂ ನಿಲ್ದಾಣದಲ್ಲಿ. ಊರಿಗೆ ಮೊಂಜೊವಿ ಎಂಬ ಇನ್ನೊಂದು ಸಣ್ಣ ನಿಲ್ದಾಣವೂ ಇದೆ. ಊರಿನ ಎರಡು ದೊಡ್ಡ ಮ್ಯೂಸಿಯಂಗಳಿಗೂ ಮಂಗಳವಾರ ರಜೆ, ಹಾಗಾಗಿ ಟಿಕೆಟ್ ತೆಗೆಯುವ ಮುನ್ನ ಕ್ಯಾಲೆಂಡರ್ ನೋಡಿಕೊಳ್ಳಿ.

ಇಳಿದ ಕೂಡಲೇ ಹೊರಗೆ ಓಡಬೇಡಿ. ವಾಸ್ತುಶಿಲ್ಪಿ ರೋಜೆ ಗೊಂತಿಯೆ ವಿನ್ಯಾಸ ಮಾಡಿದ ಈ ನಿಲ್ದಾಣ 1929ರಲ್ಲಿ ಉದ್ಘಾಟನೆಯಾಯಿತು. ಹಳಿಗಳ ಪಕ್ಕದಲ್ಲಲ್ಲ, ಹಳಿಗಳ ಮೇಲೆಯೇ ಕಟ್ಟಿದ ಕಟ್ಟಡ. ಕಿಟಕಿಗಳ ಬಣ್ಣದ ಗಾಜು ಫ್ರಾನ್ಸಿಸ್ ಶಿಗೊ ಅವರ ಕೈಕೆಲಸ, ಓಕ್ ಮತ್ತು ಚೆಸ್ಟ್‌ನಟ್ ಎಲೆಗಳ ಚಿತ್ತಾರ. ಹೊರಬಂದು ಎದುರಿನ ಉದ್ಯಾನದವರೆಗೆ ನಡೆದು ಹಿಂದಿರುಗಿ ನೋಡಿ. ಮುಂಭಾಗದ ಎರಡು ಸ್ತ್ರೀ ಶಿಲ್ಪಗಳಲ್ಲಿ ಒಬ್ಬಳು ಪಿಂಗಾಣಿ, ಇನ್ನೊಬ್ಬಳು ಎನಾಮೆಲ್. ಊರಿನ ಬದುಕೇನೆಂದು ಬಾಗಿಲಲ್ಲೇ ಹೇಳಿಬಿಟ್ಟಿದ್ದಾರೆ.

ಹಿಂದೆ ಇದು ಒಂದು ಊರಾಗಿರಲಿಲ್ಲ. ಕೆಥೆಡ್ರಲ್ ಸುತ್ತ ‘ಸಿತೆ’, ಸಂತ ಮಾರ್ಸಿಯಾಲ್ ಮಠದ ಸುತ್ತ ‘ಶಾತೊ’ ಎಂಬ ಎರಡು ಕೋಟೆ ಊರುಗಳಿದ್ದವು. ಒಂದಾದದ್ದು 1792ರಲ್ಲಿ. ನೀವೂ ಹಾಗೆಯೇ ಎರಡು ಪಾಲು ಮಾಡಿಕೊಳ್ಳಿ. ಮೊದಲ ದಿನ ಮಧ್ಯಾಹ್ನ ಸಿತೆ: ನಿಲ್ದಾಣದಿಂದ ಕಾಲು ಗಂಟೆ ನಡೆದರೆ ಸೇಂಟ್ ಎತಿಯೆನ್ ಕೆಥೆಡ್ರಲ್. 1273ರಲ್ಲಿ ಶುರುವಾದ ಕೆಲಸ ಮುಗಿದದ್ದು 1888ರಲ್ಲಿ. ಉತ್ತರ ಬದಿಯ ಸೇಂಟ್ ಜಾನ್ ಬಾಗಿಲಿನ (1516–1530) ಕಲ್ಲಿನ ಕುಸುರಿ ನೋಡದೆ ಮುಂದೆ ಹೋಗಬೇಡಿ. ಪಕ್ಕದ ಬಿಷಪ್ ಅರಮನೆಯಲ್ಲೇ ಲಲಿತಕಲಾ ಮ್ಯೂಸಿಯಂ ಇದೆ, ಎನಾಮೆಲ್ ಸಂಗ್ರಹ ಇರುವುದು ಅಲ್ಲಿ. ಚಳಿಗಾಲದಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಬಾಗಿಲು ಹಾಕುತ್ತಾರೆ. ಅಲ್ಲಿಂದ ಕೆಳಗಿಳಿದು ವಿಯೆನ್ ನದಿಯ ದಡದಲ್ಲಿ ಪಿಂಗಾಣಿ ಸುಡುತ್ತಿದ್ದ ಹಳೆಯ ಕಸ್ಸೊ ಆವಿಗೆಗೆ ಹೋಗಿ. ಎರಡನೆಯ ದಿನ ಶಾತೊ ಭಾಗ ಮತ್ತು ಆಡ್ರಿಯೆನ್ ಡುಬುಶೆ ಪಿಂಗಾಣಿ ಮ್ಯೂಸಿಯಂ. ಒಂದೇ ದಿನ ಇದ್ದರೆ ಅಂಗಡಿಗಳನ್ನು ಕೈಬಿಡಿ, ಮ್ಯೂಸಿಯಂಗಳನ್ನಲ್ಲ.

ಪ್ರಶ್ನೆ: ಎನಾಮೆಲ್, ಪಿಂಗಾಣಿ ಎರಡೂ ಒಂದೇ ಅಲ್ಲವೇ? ಎರಡು ಮ್ಯೂಸಿಯಂ ಯಾಕೆ ನೋಡಬೇಕು?

ಒಂದೇ ಅಲ್ಲ. ಎನಾಮೆಲ್ ಹಾಕಿದ ತಟ್ಟೆಯನ್ನೂ ನಮ್ಮಲ್ಲಿ ‘ಪಿಂಗಾಣಿ ತಟ್ಟೆ’ ಎನ್ನುವುದರಿಂದ ಈ ಗೊಂದಲ. ಎನಾಮೆಲ್ ಎಂದರೆ ಲೋಹದ ಮೇಲೆ ಕರಗಿಸಿ ಕೂರಿಸಿದ ಗಾಜು. ಪಿಂಗಾಣಿ ಎಂದರೆ ಒಳಗಿನಿಂದಲೇ ಗಾಜಿನಂತೆ ಗಟ್ಟಿಯಾಗುವವರೆಗೆ ಸುಟ್ಟ ಬಿಳಿಮಣ್ಣು. ಎರಡರ ನಡುವೆ ವಯಸ್ಸಿನಲ್ಲೇ ಆರು ಶತಮಾನದ ಅಂತರವಿದೆ.

ಲಿಮೋಜ್‌ನ ಎನಾಮೆಲ್ ಯುರೋಪಿನಾದ್ಯಂತ ಹೆಸರಾದದ್ದು 12–13ನೇ ಶತಮಾನದಲ್ಲಿ, ಚರ್ಚಿನ ಪೆಟ್ಟಿಗೆ, ಶಿಲುಬೆಗಳ ಮೂಲಕ. ಆ ಕಾಲದ ವಿಧಾನಕ್ಕೆ ಶಾಂಪ್ಲೆವೆ ಎಂದು ಹೆಸರು. ದಪ್ಪ ತಾಮ್ರದ ತಗಡಿನಲ್ಲಿ ಉಳಿಯಿಂದ ತಗ್ಗು ಕೊರೆದು, ಅದರಲ್ಲಿ ಒದ್ದೆ ಗಾಜಿನ ಪುಡಿ ತುಂಬಿ ಸುಡುತ್ತಾರೆ. ಕರಗಿದಾಗ ಪುಡಿ ಕುಗ್ಗಿ ತಗ್ಗು ಅರ್ಧ ಖಾಲಿಯಾಗುತ್ತದೆ. ಮತ್ತೆ ತುಂಬಬೇಕು, ಮತ್ತೆ ಸುಡಬೇಕು. ಕೊನೆಗೆ ಸಮವಾಗಿ ಉಜ್ಜಿ, ಬಿಟ್ಟ ತಾಮ್ರಕ್ಕೆ ಚಿನ್ನದ ಲೇಪ. ಬಣ್ಣಗಳ ನಡುವೆ ಲೋಹದ ಗೆರೆ ಕಂಡರೆ ಅದು ಈ ಬಗೆಯದು. ಕೆಲವು ಪೆಟ್ಟಿಗೆಗಳಲ್ಲಿ ಆಕೃತಿಗಳ ತಲೆ ಮಾತ್ರ ಉಬ್ಬಿಕೊಂಡಿರುತ್ತದೆ. ಅವನ್ನು ಬೇರೆಯಾಗಿ ಮಾಡಿ ಮೊಳೆಯಿಂದ ಕೂರಿಸಿದ್ದಾರೆ.

ರಿನೈಸಾನ್ಸ್ ಕಾಲಕ್ಕೆ ಬಂದರೆ ಗೆರೆಗಳು ಮಾಯ. ಪೆನಿಕೊ ಮನೆತನ, ಲಿಯೊನಾರ್ ಲಿಮೊಸಾಂ ಮುಂತಾದವರು ತೆಳು ತಾಮ್ರದ ಮೇಲೆ ಚಿತ್ರವನ್ನೇ ಬರೆದರು. ಇಲ್ಲಿ ತಗಡಿನ ಹಿಂಬದಿಗೂ ಎನಾಮೆಲ್ ಹಚ್ಚಲೇಬೇಕು. ತಣಿಯುವಾಗ ತಾಮ್ರ ಗಾಜಿಗಿಂತ ಹೆಚ್ಚು ಕುಗ್ಗುತ್ತದೆ, ಒಂದೇ ಬದಿಗೆ ಹಚ್ಚಿದರೆ ತಗಡು ಬಾಗಿ ಮೇಲಿನ ಪದರ ಬಿರಿಯುತ್ತದೆ. ಸುಡುವುದು ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೆಲವೇ ನಿಮಿಷ. ಹೆಚ್ಚು ಶಾಖ ಬೇಕಾದ ಬಣ್ಣ ಮೊದಲು, ಕಡಿಮೆ ಸಾಕಾದದ್ದು ಆಮೇಲೆ, ಚಿನ್ನ ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಪ್ಪಿದರೆ ಮೊದಲು ಬರೆದದ್ದು ಹರಿದು ಕಲಸಿಹೋಗುತ್ತದೆ.

ಪಿಂಗಾಣಿಯ ಕಥೆ ಶುರುವಾಗುವುದು 1768ರಲ್ಲಿ, ಲಿಮೋಜ್‌ನ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದ ಸೇಂತ್-ಇರಿಯೆ ಬಳಿ ಕಾವೊಲಿನ್ ಎಂಬ ಬಿಳಿಮಣ್ಣು ಸಿಕ್ಕಾಗ. 1771ಕ್ಕೆ ಲಿಮೋಜ್‌ನಲ್ಲಿ ತಯಾರಿಕೆ ಆರಂಭ. ಹದ ಹೆಚ್ಚುಕಡಿಮೆ ಹೀಗೆ: ಅರ್ಧ ಪಾಲು ಕಾವೊಲಿನ್, ಉಳಿದರ್ಧ ಫೆಲ್ಡ್‌ಸ್ಪಾರ್ ಎಂಬ ಖನಿಜ ಮತ್ತು ಬೆಣಚುಕಲ್ಲಿನ ಪುಡಿ. ಮೊದಲು ಸುಮಾರು 950–1000 ಡಿಗ್ರಿಯಲ್ಲಿ ಸುಟ್ಟಾಗ ನೀರು ಹೀರುವ ಸುಣ್ಣದ ಕಡ್ಡಿಯಂತಿರುತ್ತದೆ. ಅದನ್ನು ಮೆರುಗಿನ ದ್ರಾವಣದಲ್ಲಿ ಅದ್ದಿ ಸುಮಾರು 1400 ಡಿಗ್ರಿಯಲ್ಲಿ ಮತ್ತೆ ಸುಡುತ್ತಾರೆ. ಫೆಲ್ಡ್‌ಸ್ಪಾರ್ ಕರಗಿ ಸಂದುಗಳನ್ನೆಲ್ಲ ತುಂಬುತ್ತದೆ, ವಸ್ತು ಎಂಟರಲ್ಲೊಂದು ಪಾಲಿನಷ್ಟು ಕುಗ್ಗುತ್ತದೆ. ಆದ್ದರಿಂದ ಅಚ್ಚು ಯಾವಾಗಲೂ ಬೇಕಾದ ಅಳತೆಗಿಂತ ದೊಡ್ಡದು. ತಟ್ಟೆಯ ಅಂಚು ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದರೆ ಈ ಹಂತದಲ್ಲೇ ಸೊಟ್ಟಗಾಗುವುದು. ಅಡಿಯ ಉಂಗುರದ ಮೆರುಗನ್ನು ಒರೆಸಿ ಒರಟಾಗಿಯೇ ಬಿಡುತ್ತಾರೆ, ಇಲ್ಲವಾದರೆ ಆವಿಗೆಯಲ್ಲಿ ಇಟ್ಟ ಜಾಗಕ್ಕೆ ಅಂಟಿಕೊಳ್ಳುತ್ತದೆ.

ಇಷ್ಟು ತಿಳಿದು ಕಸ್ಸೊ ಆವಿಗೆಗೆ ಹೋದರೆ ಅದು ಬರೀ ಇಟ್ಟಿಗೆ ಗೋಪುರವಾಗಿ ಕಾಣುವುದಿಲ್ಲ. 1884ರದು, ಎತ್ತರ 19 ಮೀಟರಿಗೂ ಹೆಚ್ಚು. ಕೆಳಗಿನ ಅಂತಸ್ತಿನಲ್ಲಿ 1400 ಡಿಗ್ರಿಯ ದೊಡ್ಡ ಬೆಂಕಿ. ಮೇಲೇರಿದ ಶಾಖದಲ್ಲಿ ಮೇಲಂತಸ್ತಿನ ಹಸಿ ತಟ್ಟೆಗಳ ಮೊದಲ ಸುಡುವಿಕೆ. ತಟ್ಟೆಗಳನ್ನು ಹೊಗೆ ಬೂದಿಯಿಂದ ಕಾಪಾಡಲು ‘ಕಜೆತ್’ ಎಂಬ ಮಣ್ಣಿನ ಡಬ್ಬಿಗಳಲ್ಲಿಟ್ಟು ಒಂದರ ಮೇಲೊಂದು ಪೇರಿಸುತ್ತಿದ್ದರು. ನದಿ ದಡವೇ ಯಾಕೆ? ಸೌದೆ ಬರುತ್ತಿದ್ದುದು ನೀರಿನಲ್ಲಿ ತೇಲಿಕೊಂಡು.

ಪ್ರಶ್ನೆ: ಅಸಲಿ ‘ಲಿಮೋಜ್’ ಗುರುತಿಸುವುದು ಹೇಗೆ? ವಿಮಾನದಲ್ಲಿ ತರಬಹುದೇ?

ಲಿಮೋಜ್ ಎಂಬುದು ಊರಿನ ಹೆಸರು, ಕಂಪನಿಯದಲ್ಲ. ‘ಲಿಮೋಜ್ ಕಂಪನಿಯ ಕಪ್’ ಎಂದು ಯಾರಾದರೂ ಮಾರಿದರೆ ಅಲ್ಲೇ ಎಚ್ಚರವಾಗಿ. ತಟ್ಟೆ ಮಗುಚಿ ನೋಡಿ. ಮೆರುಗಿನ ಒಳಗೆ ಹಸಿರು ಮುದ್ರೆ ಇದ್ದರೆ ಸಾಮಾನ್ಯವಾಗಿ ಅದು ಬಿಳಿ ತಟ್ಟೆ ಮಾಡಿದ ಕಾರ್ಖಾನೆಯದು. ಮೆರುಗಿನ ಮೇಲೆ ಬೇರೆ ಬಣ್ಣದ ಇನ್ನೊಂದು ಮುದ್ರೆ ಇದ್ದರೆ ಅದು ಅಲಂಕಾರ ಮಾಡಿದವರದು. ಹಳೆಯ ಸಾಮಾನಿನಲ್ಲಿ ಇವೆರಡೂ ಬೇರೆ ಬೇರೆ ಊರಿನವಾಗಿರಬಹುದು. ಬಿಳಿ ತಟ್ಟೆ ಕೊಂಡು ಬೇರೆಡೆ ಬಣ್ಣ ಬರೆಸುವುದು ರೂಢಿಯಲ್ಲಿತ್ತು. ಹೊಸದರಲ್ಲಿ 2017ರಿಂದ ‘ಲಿಮೋಜ್ ಪಿಂಗಾಣಿ’ ಎಂಬ ಹೆಸರಿಗೆ ಭೌಗೋಳಿಕ ಗುರುತಿನ ರಕ್ಷಣೆ ಇದೆ.

ಮುದ್ರೆಯ ಮೇಲೆ ಅಡ್ಡಗೀರು ಇದ್ದರೆ ಸಾಮಾನ್ಯವಾಗಿ ಎರಡನೇ ದರ್ಜೆಯ ಮಾಲು. ಮೋಸವೇನಲ್ಲ, ಒಂದು ಕಪ್ಪು ಚುಕ್ಕೆಯೋ ಸಣ್ಣ ಸೊಟ್ಟೋ ಇರುತ್ತದೆ. ದಿನಬಳಕೆಗೆ ಇದೇ ಜಾಣತನದ ಖರೀದಿ. ಬೆರಳ ಗೆಣ್ಣಿನಿಂದ ಅಂಚು ತಟ್ಟಿ: ಗಂಟೆಯಂತೆ ಸ್ವರ ಬಂದರೆ ಸರಿ, ಮೊದ್ದು ಸದ್ದಾದರೆ ಎಲ್ಲೋ ಕೂದಲಿನಷ್ಟು ಬಿರುಕಿದೆ. ಚಿನ್ನದ ಅಂಚಿನದನ್ನು ಮೈಕ್ರೊವೇವ್‌ಗೆ ಇಡುವಂತಿಲ್ಲ.

ಒಂದೇ ಅಂಗಡಿಯಲ್ಲಿ 100 ಯೂರೊ ದಾಟಿದರೆ, ಯುರೋಪ್ ಒಕ್ಕೂಟದ ಹೊರಗಿನ ನಿವಾಸಿಗಳಿಗೆ ತೆರಿಗೆ ವಾಪಸ್ ಸಿಗುತ್ತದೆ. ಪಾವತಿ ಮಾಡುವಾಗಲೇ ಪಾಸ್‌ಪೋರ್ಟ್ ತೋರಿಸಿ ‘ದೆತಾಕ್ಸ್’ ಕಾಗದ ಕೇಳಿ. ವಿಮಾನ ನಿಲ್ದಾಣದಲ್ಲಿ ‘ಪಾಬ್ಲೊ’ ಯಂತ್ರಕ್ಕೆ ಅದರ ಬಾರ್‌ಕೋಡ್ ತೋರಿಸಬೇಕು, ಅದೂ ಸಾಮಾನು ಚೆಕ್-ಇನ್‌ಗೆ ಕೊಡುವ ಮೊದಲು. ಕಸ್ಟಮ್ಸ್‌ನವರು ವಸ್ತು ತೋರಿಸಿ ಎಂದಾಗ ಅದು ಆಗಲೇ ಬೆಲ್ಟಿನ ಮೇಲೆ ಹೋಗಿದ್ದರೆ ಹಣವೂ ಹೋಯಿತು. ತಟ್ಟೆಗಳನ್ನು ಮಲಗಿಸಿ ಪೇರಿಸದೆ, ನಡುವೆ ಬಟ್ಟೆಯಿಟ್ಟು ನೆಟ್ಟಗೆ ನಿಲ್ಲಿಸಿ ಕಟ್ಟಿ. ಮಲಗಿಸಿದರೆ ಮೇಲಿನ ಭಾರವೆಲ್ಲ ಅಡಿಯ ತಟ್ಟೆಯ ನಡುವಿಗೆ ಬೀಳುತ್ತದೆ.

ಪ್ರಶ್ನೆ: ಅಮ್ಮನಿಗೆ ಮಂಡಿ ನೋವು. ನಡೆಯಲು ಆದೀತೇ?

ಮೇಲಿನ ಊರು ಪರವಾಗಿಲ್ಲ. ಕೆಥೆಡ್ರಲ್‌ನಿಂದ ನದಿಗೆ ಇಳಿಯುವ ಓಣಿಗಳು ಕಡಿದು, ಕಲ್ಲುಹಾಸಿನವು. ಆವಿಗೆಗೆ ಟ್ಯಾಕ್ಸಿ ಮಾಡಿ. ಊರೊಳಗೆ ಟ್ರಾಲಿಬಸ್ ಇದೆ.

ಪ್ರಶ್ನೆ: ಮಕ್ಕಳಿಗೆ ಮ್ಯೂಸಿಯಂ ಬೇಸರ. ಬೇರೇನಿದೆ?

ಕಟುಕರ ಬೀದಿ ರೂ ದ ಲಾ ಬೂಶ್ರಿಗೆ ಕರೆದೊಯ್ಯಿರಿ. ಮರದ ತೊಲೆಗಳ ಹಳೆ ಮನೆಗಳ ನಡುವೆ 15ನೇ ಶತಮಾನದ ಸೇಂತ್-ಒರೆಲಿಯೆನ್ ಎಂಬ ಪುಟ್ಟ ಪ್ರಾರ್ಥನಾ ಮಂದಿರವಿದೆ. ಅದು ಇಂದಿಗೂ ಕಟುಕರ ಸಂಘದ್ದೇ. ಒಳಗಿನ ಒಂದು ಮೂರ್ತಿಯಲ್ಲಿ ಬಾಲ ಯೇಸು ಮೂತ್ರಪಿಂಡದ ತುಂಡು ತಿನ್ನುತ್ತಿದ್ದಾನೆ. ಮಕ್ಕಳು ಇದನ್ನು ಮರೆಯುವುದಿಲ್ಲ. ಹತ್ತಿರದಲ್ಲೇ 19ನೇ ಶತಮಾನದ ಕಬ್ಬಿಣದ ಮಾರುಕಟ್ಟೆ ಇದೆ. ಅದರ ಹೊರಗೋಡೆಯ ಮೇಲೆ ಸಾಲಾಗಿ ಪಿಂಗಾಣಿ ಬಿಲ್ಲೆಗಳು, ಒಳಗೆ ಮಾರುವ ಮೀನು, ಹಣ್ಣು, ಬೇಟೆ ಹಕ್ಕಿಗಳ ಚಿತ್ರಗಳು. ಒಟ್ಟು 328. ಎಣಿಸಲು ಹೇಳಿ ಬಿಡಿ, ಅಷ್ಟರಲ್ಲಿ ನಿಮ್ಮ ತರಕಾರಿ, ಚೀಸ್ ಖರೀದಿ ಮುಗಿದಿರುತ್ತದೆ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ನಂತರ ಅಂಗಡಿಗಳು ಮುಚ್ಚುತ್ತವೆ.