ಹೊಸ್ತಿಲ ಮೇಲೆ ಬೆಕ್ಕು, ಮಂಚದಡಿ ನಾಯಿ

ಪ್ರಶ್ನೆ: ನಮ್ಮಲ್ಲಿ ಆರು ವರ್ಷದ ಹೆಣ್ಣು ಬೆಕ್ಕಿದೆ, ಮರಿಯಾಗಿದ್ದಾಗಿನಿಂದ ಒಂಟಿಯಾಗಿಯೇ ಬೆಳೆದದ್ದು. ತಿಂಗಳ ಹಿಂದೆ, ಗಾಯಗೊಂಡು ರಸ್ತೆಬದಿಯಲ್ಲಿ ಬಿದ್ದಿದ್ದ ಸುಮಾರು ಎರಡು ವರ್ಷದ ಬೀದಿನಾಯಿಗೆ ಚಿಕಿತ್ಸೆ ಕೊಡಿಸಿ ಮನೆಗೆ ತಂದೆವು. ಅದು ಬಹಳ ಪುಕ್ಕಲು, ಲೋಟ ಬಿದ್ದರೂ ಮಂಚದಡಿ ಸೇರುತ್ತದೆ. ಬೆಕ್ಕು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಅದನ್ನೇ ದಿಟ್ಟಿಸುತ್ತದೆ. ಹಿತ್ತಿಲಿಗೆ ಹೋಗಲು ಅದೇ ದಾರಿಯಾದ್ದರಿಂದ ನಾಯಿ ನಡುಮನೆಯಲ್ಲೇ ಮೂತ್ರ ಮಾಡುತ್ತಿದೆ. ಕಳೆದ ವಾರ ಬೆಕ್ಕು ಅದರ ಮೂತಿಯನ್ನು ಪರಚಿ ರಕ್ತ ಬರಿಸಿತು. ಎರಡನ್ನೂ ಒಂದು ಕೋಣೆಯಲ್ಲಿ ಕೂಡಿಹಾಕಿದರೆ ತಾವೇ ಹೊಂದಿಕೊಳ್ಳುತ್ತವೆ ಎಂದು ನೆರೆಯವರು ಹೇಳಿದರೆ, ಬೆಕ್ಕನ್ನು ಚೀಲಕ್ಕೆ ಹಾಕಿ ಮೀನುಮಾರುಕಟ್ಟೆಯಲ್ಲಿ ಬಿಟ್ಟುಬನ್ನಿ ಎಂದು ಅತ್ತೆಯವರು ಹೇಳುತ್ತಾರೆ. ಏನು ಮಾಡಬೇಕು? ನಾಯಿಗೆ ಹಾಕುವ ಉಣ್ಣೆಯ ಔಷಧಿಯನ್ನು ಬೆಕ್ಕಿಗೂ ಹಾಕಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ಎರಡು ಸಲಹೆಗಳನ್ನೂ ದಯವಿಟ್ಟು ಪಾಲಿಸಬೇಡಿ. ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಯಿಂದ ನರಳುವಂತೆ ಬೀದಿಪಾಲು ಮಾಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕೂಡಿಹಾಕುವುದಂತೂ ಇನ್ನೂ ಅಪಾಯಕರ. ಮೂಲೆ ಸೇರಿದ ನಾಯಿಯ ಕಣ್ಣಿಗೆ ಬೆಕ್ಕಿನ ಉಗುರು ತಗುಲಿ ಕರಿಗುಡ್ಡೆಗೆ ಗಾಯವಾಗಬಹುದು, ಇಲ್ಲವೇ ಪುಕ್ಕಲು ನಾಯಿಯೇ ತಪ್ಪಿಸಿಕೊಳ್ಳಲು ದಾರಿ ಕಾಣದೆ ಬೆಕ್ಕಿನ ಬೆನ್ನಿಗೆ ಬಾಯಿ ಹಾಕಬಹುದು.

ನಿಮ್ಮ ಪತ್ರವನ್ನು ಓದಿದಾಗ ನನಗೆ ಇದು ಸ್ವಭಾವಗಳ ಜಗಳಕ್ಕಿಂತ ಹೆಚ್ಚಾಗಿ, ಹೊಲಕ್ಕೆ ಹೋಗುವ ದಾರಿಗಾಗಿ ಅಕ್ಕಪಕ್ಕದವರು ಮಾಡುವ ತಕರಾರಿನಂತೆ ಕಂಡಿತು. ಬೆಕ್ಕು ಹೊಸ್ತಿಲನ್ನು ಹಿಡಿದಿರುವುದು ಆಕಸ್ಮಿಕವಲ್ಲ. ಅಲ್ಲಿ ಕುಳಿತರೆ ಊಟ, ನೀರು, ಹಿತ್ತಿಲು ಮೂರೂ ಅದರ ಕಣ್ಗಾವಲಿನಲ್ಲಿರುತ್ತವೆ. ಒಂದು ದಿನ ನೀವೇ ಹತ್ತು ನಿಮಿಷ ದೂರ ಕುಳಿತು ನೋಡಿ. ಬೆಕ್ಕಿನ ಮೈ ಕದಲುವುದಿಲ್ಲ, ಆದರೆ ಬಾಲದ ತುದಿ ಮಾತ್ರ ನೆಲಕ್ಕೆ ತಟ್ಟುತ್ತಿರುತ್ತದೆ, ಕಿವಿಗಳು ಪಕ್ಕಕ್ಕೆ ಮಲಗಿರುತ್ತವೆ. ಇತ್ತ ನಾಯಿ, ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ಬೆಕ್ಕು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಗೋಡೆಯ ಕಡೆ ಮುಖ ತಿರುಗಿಸುತ್ತದೆ. ‘ಸುಮ್ಮನೆ ಕುಳಿತಿವೆಯಲ್ಲ’ ಎಂದು ನಮಗನಿಸುವ ಈ ಹೊತ್ತಿನಲ್ಲೇ ಬೆದರಿಕೆಯೂ ಶರಣಾಗತಿಯೂ ನಡೆದುಹೋಗಿರುತ್ತವೆ. ಪರಚುವುದು ಕೊನೆಯ ಮಾತು.

ಆದ್ದರಿಂದ ಮೊದಲು ದಾರಿಯನ್ನು ಬಿಡಿಸಬೇಕು. ಇನ್ನು ಎರಡು ವಾರ ಅವೆರಡೂ ಪರಸ್ಪರ ಕಣ್ಣಿಗೆ ಬೀಳದಂತೆ ಬೇರೆ ಬೇರೆ ಕೋಣೆಗಳಲ್ಲಿರಲಿ. ನಾಯಿಯನ್ನು ಹಗ್ಗ ಹಾಕಿ ಮುಂಬಾಗಿಲಿನಿಂದ, ಜಗುಲಿ ಇಳಿಸಿ, ಮನೆಯನ್ನು ಸುತ್ತಿಸಿ ಹಿತ್ತಿಲಿಗೆ ಕರೆದೊಯ್ಯಿರಿ. ಹೊತ್ತು ತಪ್ಪದೆ ಹೀಗೆ ಮಾಡಿದರೆ ನಡುಮನೆಯ ತೊಂದರೆ ಬಹುಮಟ್ಟಿಗೆ ತಾನಾಗಿ ನಿಲ್ಲುತ್ತದೆ. ಅಲ್ಲಿ ಮೂತ್ರ ಮಾಡಿದ್ದಕ್ಕೆ ಗದರಬೇಡಿ. ನೆಲವನ್ನು ಫಿನಾಯಿಲ್‌ನಿಂದ ಒರೆಸುವ ಅಭ್ಯಾಸವಿದ್ದರೆ ಅದನ್ನೂ ಬಿಡಿ; ಪಾದಕ್ಕೆ ಅಂಟಿದ ಫಿನಾಯಿಲ್ ಅನ್ನು ನೆಕ್ಕಿಕೊಳ್ಳುವ ಬೆಕ್ಕಿಗೆ ಅದು ವಿಷವಾಗುತ್ತದೆ. ಸೋಪಿನ ನೀರು ಸಾಕು.

ಬೆಕ್ಕಿಗೆ ಬೇಕಾದದ್ದು ಎತ್ತರ. ಕಪಾಟಿನ ನೆತ್ತಿ, ಅಟ್ಟದ ಏಣಿಯ ಮೇಲಿನ ಮೆಟ್ಟಿಲು, ಕಿಟಕಿಯ ಪಕ್ಕ ಹೊಡೆದ ಒಂದು ಹಲಗೆ, ಯಾವುದಾದರೂ ಸರಿ, ನೆಲ ಮುಟ್ಟದೆಯೇ ಮನೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅದು ಹೋಗುವಂತಿರಬೇಕು. ಊಟವನ್ನೂ ಮೇಲೆಯೇ ಇಡಿ. ಮರಳಿನ ತಟ್ಟೆಯಿದ್ದರೆ ಅದು ನಾಯಿಯ ಮೂಗಿಗೆ ಸಿಗದ ಕಡೆ ಇರಲಿ. ಎಲ್ಲವನ್ನೂ ಮೇಲಿನಿಂದ ಕಾಣುವ ಬೆಕ್ಕಿಗೆ ಹೊಸ್ತಿಲನ್ನು ಕಾಯುವ ಅಗತ್ಯ ಕಡಿಮೆಯಾಗುತ್ತದೆ. ಇದೇ ಎರಡು ವಾರದಲ್ಲಿ ಬೆಕ್ಕನ್ನು ಒಮ್ಮೆ ಪಶುವೈದ್ಯರಿಗೆ ತೋರಿಸಿ, ಹಲ್ಲು ಮತ್ತು ಕೀಲುಗಳನ್ನು ಪರೀಕ್ಷಿಸಲು ವಿಶೇಷವಾಗಿ ಕೇಳಿಕೊಳ್ಳಿ. ನೋವನ್ನು ಬಚ್ಚಿಡುವುದರಲ್ಲಿ ಬೆಕ್ಕು ನಿಸ್ಸೀಮ. ನೋಯುವ ಬೆಕ್ಕಿಗೆ ಯಾರ ಸಹವಾಸವೂ ಬೇಡವಾಗಿರುತ್ತದೆ. ಎರಡಕ್ಕೂ ಸಂತಾನಹರಣ ಚಿಕಿತ್ಸೆ ಆಗಿಲ್ಲದಿದ್ದರೆ ಅದನ್ನೂ ಮಾಡಿಸುವುದು ಒಳ್ಳೆಯದು.

ಅನಂತರ ಪರಿಚಯವನ್ನು ವಾಸನೆಯಿಂದ ಆರಂಭಿಸಿ. ಬೆಕ್ಕಿನ ಕೆನ್ನೆಯಲ್ಲಿ ಗಂಧ ಸ್ರವಿಸುವ ಗ್ರಂಥಿಗಳಿವೆ. ಅದು ನಿಮ್ಮ ಕಾಲಿಗೆ, ಬಾಗಿಲ ಚೌಕಟ್ಟಿಗೆ ಕೆನ್ನೆ ಉಜ್ಜುವುದು ‘ಇದು ನನ್ನದು’ ಎಂದು ಗುರುತು ಹಾಕಲಿಕ್ಕೆ. ಹಳೆಯ ಪಂಚೆಯ ತುಂಡಿನಿಂದ ಅದರ ಕೆನ್ನೆಯನ್ನು ಮೆಲ್ಲಗೆ ಒರೆಸಿ ನಾಯಿಯ ಊಟದ ಬಳಿ ಇಡಿ, ನಾಯಿಯ ಮೈ ಒರೆಸಿದ ಬಟ್ಟೆಯನ್ನು ಬೆಕ್ಕಿನ ಬಳಿ ಇಡಿ. ಆ ಬಟ್ಟೆಯ ಪಕ್ಕ ಎರಡೂ ನಿಶ್ಚಿಂತೆಯಿಂದ ಉಣ್ಣತೊಡಗಿದ ಮೇಲೆ ಮುಚ್ಚಿದ ಬಾಗಿಲಿನ ಆಚೀಚೆ ಊಟ ಕೊಡಿ, ಮೊದಲು ದೂರದಲ್ಲಿ, ದಿನದಿನಕ್ಕೆ ಹತ್ತಿರದಲ್ಲಿ.

ಮುಖಾಮುಖಿ ಆಗುವುದು ಸೊಳ್ಳೆಪರದೆಯ ಬಾಗಿಲಿನಂಥ ಜಾಲರಿಯ ಮೂಲಕವೇ. ನಾಯಿಗೆ ಹಗ್ಗವಿರಲಿ, ಆದರೆ ಸಡಿಲವಾಗಿರಲಿ. ಬೆಕ್ಕನ್ನು ಎತ್ತಿಕೊಂಡು ಬಂದು ತೋರಿಸಬೇಡಿ, ಅದು ತಾನಾಗಿ ಬರಬೇಕು, ಬೇಡವೆನಿಸಿದರೆ ಹೋಗಬೇಕು. ನಾಯಿಗೆ ಬೇಯಿಸಿದ ಕೋಳಿಯ ಚೂರು, ಬೆಕ್ಕಿಗೆ ಬೇಯಿಸಿದ ಮೀನಿನ ಚೂರು ಕೊಡುತ್ತಿರಿ. ನಿಮ್ಮ ನಾಯಿಯ ವಿಷಯದಲ್ಲಿ ಅಳತೆಗೋಲು ಸುಲಭವಾದದ್ದು: ಇಷ್ಟದ ತುಂಡನ್ನೂ ಅದು ಮೂಸಿ ಬಿಟ್ಟರೆ, ಬೆಕ್ಕು ಅತಿ ಹತ್ತಿರವಿದೆಯೆಂದೇ ಅರ್ಥ, ಮಾತಾಡದೆ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಎರಡು ಮೂರು ನಿಮಿಷಕ್ಕೆ ಮುಗಿಸಿ. ಚೆನ್ನಾಗಿ ನಡೆಯುತ್ತಿದೆಯಲ್ಲ ಎಂದು ಅರ್ಧ ಗಂಟೆಗೆ ಎಳೆದವರೇ ಮರುದಿನ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ನಾಯಿ ಗುರುಗುಟ್ಟಿದರೆ ಗದರಬೇಡಿ. ಎಚ್ಚರಿಕೆ ಕೊಡುವುದನ್ನು ಕಲಿತ ನಾಯಿ, ಎಚ್ಚರಿಕೆ ಕೊಡದೆ ಕಚ್ಚುವ ನಾಯಿಗಿಂತ ಎಷ್ಟೋ ಮೇಲು.

ಇದೆಲ್ಲಕ್ಕೂ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಬೇಕಾದೀತು. ದೀಪಾವಳಿ ಹತ್ತಿರವಿದ್ದರೆ ಅದು ಮುಗಿಯುವ ತನಕ ಪರಿಚಯದ ಕೆಲಸವನ್ನೇ ನಿಲ್ಲಿಸಿ. ಪಟಾಕಿಯ ಭಯವನ್ನು ನಾಯಿ ಬೆಕ್ಕಿನ ಲೆಕ್ಕಕ್ಕೆ ಬರೆದುಕೊಳ್ಳುವ ಸಂಭವವುಂಟು. ಎರಡೂ ಒಂದೇ ಚಾಪೆಯ ಮೇಲೆ ಮಲಗುತ್ತವೆ ಎಂಬ ಆಸೆಯನ್ನು ಮಾತ್ರ ಇಟ್ಟುಕೊಳ್ಳಬೇಡಿ. ಬೆಕ್ಕಿನ ಮರಿ ಬೇರೆ ಪ್ರಾಣಿಗಳನ್ನು ಸಲೀಸಾಗಿ ಒಪ್ಪಿಕೊಳ್ಳಲು ಕಲಿಯುವುದು ಹುಟ್ಟಿದ 2ರಿಂದ 7ನೆಯ ವಾರದೊಳಗೆ. ನಿಮ್ಮದಕ್ಕೆ ಆ ಕಾಲ ಕಳೆದು ಆರು ವರ್ಷವಾಯಿತು. ಒಂದು ಅಟ್ಟದ ಮೆಟ್ಟಿಲಲ್ಲಿ, ಇನ್ನೊಂದು ಜಗುಲಿಯಲ್ಲಿ, ಒಂದನ್ನೊಂದು ಲೆಕ್ಕಿಸದೆ ನಿದ್ದೆ ಮಾಡಿದರೆ ನಾನಾದರೆ ಅದನ್ನೇ ಗೆಲುವೆನ್ನುತ್ತೇನೆ. ಮೂರು ತಿಂಗಳಾದರೂ ನಾಯಿ ಮಂಚದಡಿಯಿಂದ ಹೊರಬಾರದಿದ್ದರೆ ಅಂಜಿಕೆ ತಗ್ಗಿಸುವ ಮಾತ್ರೆಗಳ ಬಗ್ಗೆ ವೈದ್ಯರೊಡನೆ ಮಾತಾಡಿ. ಮನುಷ್ಯರ ಮಾತ್ರೆಯನ್ನು ನೀವೇ ಕೊಡಬೇಡಿ.

ಬೆಕ್ಕಿನ ಉಗುರಿನ ಚೂಪಾದ ತುದಿಯನ್ನಷ್ಟೇ ಆಗಾಗ ಕತ್ತರಿಸಿ. ಎರಡಕ್ಕೂ ರೇಬೀಸ್ ಲಸಿಕೆ ತಪ್ಪದಿರಲಿ. ಬಿಡಿಸಲು ಹೋದ ನಿಮಗೆ ಕಚ್ಚಿದರೆ ಅಥವಾ ಪರಚಿದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ಗಾಯ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಜಗಳ ಬಿಡಿಸಲು ಕೈ ಹಾಕುವ ಬದಲು ನಡುವೆ ಒಂದು ದಿಂಬನ್ನೋ ಮೊರವನ್ನೋ ಅಡ್ಡ ಹಿಡಿಯಿರಿ.

ಉಣ್ಣೆಯ ಔಷಧಿ: ಖಂಡಿತ ಹಾಕಬಾರದು. ನಾಯಿಯ ಬೆನ್ನಿಗೆ ಬಿಡುವ ಹಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಬೆಕ್ಕಿನ ಯಕೃತ್ತು ಅದನ್ನು ಕರಗಿಸಿ ಹೊರಹಾಕಲಾರದು. ನಡುಕ, ಸೆಳವು ಬಂದು ಬೆಕ್ಕು ಸಾಯಬಹುದು. ನಾಯಿಗೂ ಅದಿಲ್ಲದ ಔಷಧಿಯನ್ನೇ ಕೇಳಿ ಪಡೆಯಿರಿ. ಮನೆಯಲ್ಲಿ ಈಗಿರುವ ಡಬ್ಬಿಯ ಮೇಲಿನ ಹೆಸರನ್ನು ಇಂದೇ ಓದಿ ನೋಡಿ, ನಾಯಿಗೆ ಈಗಾಗಲೇ ಹಚ್ಚಿದ್ದರೆ ಅದರ ಮೈ ಪೂರ್ತಿ ಒಣಗುವವರೆಗೆ ಬೆಕ್ಕು ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.